ಗೃಹಸ್ಥನ ವ್ರತ ಮತ್ತು ಅದರ ಬೆಲೆ

'ನಾವು ಸಂಸಾರಿಗಳು, ನಮ್ಮಿಂದ ಇಷ್ಟೆಲ್ಲ ಆದೀತೆ?' ವ್ರತನಿಯಮಗಳ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತಿದು. ಮಾತಿನಲ್ಲಿ ವಿನಯವಿದೆ. ಆದರೆ ಆ ವಿನಯದ ಮರೆಯಲ್ಲಿ ಒಂದು ನೆಪವೂ ಅಡಗಿ ಕುಳಿತಿರುವುದುಂಟು. ಮುನಿಗಳದು ಮಹಾವ್ರತ, ನಮ್ಮದು ಅಣುವ್ರತ. ಮಹತ್ತಾದುದನ್ನು ಅವರು ಪಾಲಿಸಲಿ, ಅಣುವಾದುದನ್ನು ನಾವು ಅನುಕೂಲವಿದ್ದಷ್ಟು ಪಾಲಿಸೋಣ ಎಂಬುದು ಆ ನೆಪದ ಸ್ವರೂಪ. ಅಣು ಎಂದರೆ ಸಣ್ಣದು ಎಂಬುದು ನಿಜ. ಆದರೆ ಸಣ್ಣದು ಎಂದರೆ ಸಡಿಲವಾದದ್ದು ಎಂದು ಅರ್ಥವೆ? ಗೃಹಸ್ಥನು ಕೈಕೊಂಡ ಮಿತವಾದ ವ್ರತವು ಆತನಿಂದ ಎಷ್ಟನ್ನು ಕೇಳಬಹುದು? ಹೆಂಡತಿ ಮಕ್ಕಳಿರುವವನಿಂದ ಅದು ಪ್ರಾಣವನ್ನೇ ಕೇಳಬಹುದೆ?

ಈ ಪ್ರಶ್ನೆಯನ್ನು ನಮ್ಮ ಪುರಾಣಪುರುಷರ ಉದಾಹರಣೆಯಿಂದ ಅನೇಕರು ಚರ್ಚಿಸಿದ್ದಾರೆ. ಇಲ್ಲಿ ಬೇರೆಯೇ ಒಂದು ಧರ್ಮದ, ಬೇರೆಯೇ ಒಂದು ದೇಶದ ಗೃಹಸ್ಥನೊಬ್ಬನ ಬದುಕನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ. ಆತ ಆಸ್ಟ್ರಿಯಾ ದೇಶದ ಒಬ್ಬ ರೈತ, ಕಥೋಲಿಕ ಕ್ರೈಸ್ತ, ಅಸ್ಸಿಸಿಯ ಸಂತ ಫ್ರಾನ್ಸಿಸರ ಗೃಹಸ್ಥ ಅನುಯಾಯಿಗಳ ಸಂಘಕ್ಕೆ ಸೇರಿದವನು. ಹೆಸರು ಫ್ರಾಂಜ್ ಯೇಗರ್‌ಸ್ಟೆಟರ್. ಪರಧರ್ಮದ ಗುಣವಂತರನ್ನು ಕಂಡು ಪ್ರಮೋದಭಾವ ತಾಳುವುದು ನಮಗೆ ಹೊಸತಲ್ಲ.

ಗೃಹಸ್ಥರಿಗಾಗಿ ಒಂದು ಸಂಘ

ಮೊದಲು ಆ ಸಂಘದ ಹುಟ್ಟನ್ನು ತಿಳಿಯುವುದು ಅವಶ್ಯ. ಇಟಲಿಯ ಅಸ್ಸಿಸಿ ಪಟ್ಟಣದ ಶ್ರೀಮಂತ ಬಟ್ಟೆ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದ ಫ್ರಾನ್ಸಿಸರು ಯೌವನದಲ್ಲಿ ಯುದ್ಧಕ್ಕೆ ಹೋದವರು, ಸೆರೆಯನ್ನೂ ಕಂಡವರು. ಮುಂದೆ ಕುಷ್ಠರೋಗಿಗಳ ಸೇವೆಯಲ್ಲಿ ಅವರ ಮನಸ್ಸು ತಿರುಗಿತು. ತಂದೆಯ ಆಸ್ತಿಯನ್ನು ಮಾತ್ರವಲ್ಲ, ಮೈಮೇಲಿನ ಬಟ್ಟೆಯನ್ನೂ ಬಿಷಪ್ಪರ ಎದುರಿನಲ್ಲಿ ತಂದೆಗೇ ಹಿಂತಿರುಗಿಸಿ ನಿಂತರೆಂಬ ಪ್ರಸಂಗವನ್ನು ಅವರ ಚರಿತ್ರಕಾರರೆಲ್ಲರೂ ಹೇಳುತ್ತಾರೆ. ಅಪರಿಗ್ರಹದ ಮಾತು ಕೇಳಿ ಬೆಳೆದ ನಮಗೆ ಈ ಚಿತ್ರ ಅಪರಿಚಿತವೆನಿಸದು. 1226ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ದಾರಿಯಲ್ಲಿ ನಡೆಯುವವರು ಮೂರು ಬಗೆಯಾಗಿದ್ದರು. ಏನನ್ನೂ ತನ್ನದೆನ್ನದೆ ಅಲೆಯುವ ಸನ್ಯಾಸಿಗಳು ಮೊದಲನೆಯವರು. ಸಂತ ಕ್ಲಾರಾ ಅವರ ನೇತೃತ್ವದಲ್ಲಿ ಮಠದೊಳಗೆ ತಪಶ್ಚರ್ಯೆ ನಡೆಸುವ ಸನ್ಯಾಸಿನಿಯರು ಎರಡನೆಯವರು. ಮನೆಯಲ್ಲಿಯೇ ಇದ್ದು, ಉದ್ಯೋಗ ಮಾಡುತ್ತ, ಮಕ್ಕಳನ್ನು ಸಾಕುತ್ತ ವ್ರತ ಪಾಲಿಸುವ ಸ್ತ್ರೀಪುರುಷರು ಮೂರನೆಯವರು. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರ ಚತುರ್ವಿಧ ಸಂಘವನ್ನು ಬಲ್ಲವರಿಗೆ ಈ ವ್ಯವಸ್ಥೆಯ ಒಳಮರ್ಮ ಸುಲಭವಾಗಿ ತಿಳಿಯುತ್ತದೆ. ಪೊಗ್ಗಿಬೊನ್ಸಿ ಎಂಬ ಊರಿನ ಲುಕೇಸಿಯೋ ಎಂಬ ಧಾನ್ಯದ ವ್ಯಾಪಾರಿ ಮತ್ತು ಅವನ ಪತ್ನಿ ಬುವೋನಾದೊನ್ನಾ ಈ ಮೂರನೆಯ ಸಭೆಗೆ ಸೇರಿದ ಮೊದಲ ದಂಪತಿಗಳೆಂದು ಪರಂಪರೆ ಹೇಳುತ್ತದೆ.

ಆರಂಭದಲ್ಲಿ ಇವರನ್ನು 'ಪಶ್ಚಾತ್ತಾಪದ ಸೋದರ ಸೋದರಿಯರು' ಎಂದು ಕರೆಯುತ್ತಿದ್ದರು. 1221ರಲ್ಲಿ ಅವರಿಗಾಗಿ ಒಂದು ನಿಯಮಾವಳಿ ಸಿದ್ಧವಾಯಿತು. ಅದರ ಕಟ್ಟಳೆಗಳು ಬಹಳ ಸ್ಪಷ್ಟ. ಬಣ್ಣ ಹಾಕದ ಅಗ್ಗದ ಬಟ್ಟೆಯನ್ನೇ ಉಡಬೇಕು, ಅದರ ಬೆಲೆಗೂ ಮಿತಿ. ಔತಣ, ನರ್ತನ, ಆಡಂಬರದ ಕೂಟಗಳಿಗೆ ಹೋಗಕೂಡದು. ಅನಾರೋಗ್ಯದಂತಹ ಕಾರಣಗಳಿಲ್ಲದಿದ್ದರೆ ವಾರದಲ್ಲಿ ನಾಲ್ಕು ದಿನ ಮಾಂಸ ವರ್ಜ್ಯ. ಅನ್ಯಾಯದಿಂದ ಗಳಿಸಿದ್ದನ್ನು ಹಿಂತಿರುಗಿಸಬೇಕು. ನೆರೆಯವರೊಡನೆ ವೈರವಿದ್ದರೆ ಸಂಧಾನ ಮಾಡಿಕೊಳ್ಳಬೇಕು. ಆಸ್ತಿಯುಳ್ಳವರು ಸಂಘಕ್ಕೆ ಸೇರಿದ ಮೂರು ತಿಂಗಳೊಳಗೆ ಮರಣಶಾಸನ ಬರೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾದವು ಎರಡು: ಅನಿವಾರ್ಯ ಸಂದರ್ಭಗಳನ್ನು ಬಿಟ್ಟು ಪ್ರಮಾಣ ಮಾಡಕೂಡದು, ಯಾರ ಮೇಲೆಯೂ ಮಾರಕಾಯುಧ ಎತ್ತಕೂಡದು, ಅದನ್ನು ಹೊತ್ತು ತಿರುಗಲೂಕೂಡದು. ಊರು ಊರಿನ ಮೇಲೆ, ಮನೆತನ ಮನೆತನದ ಮೇಲೆ ಕತ್ತಿ ಹಿರಿಯುತ್ತಿದ್ದ ಕಾಲದ ಇಟಲಿಯಲ್ಲಿ ಇದು ಸಾಮಾನ್ಯ ಮಾತಾಗಿರಲಿಲ್ಲ. ಒಡೆಯನು ಪ್ರಮಾಣ ಮಾಡಿಸಿ, ಆಯುಧ ಕೊಟ್ಟು, ಯುದ್ಧಕ್ಕೆ ಕರೆದಾಗ 'ನಾನು ವ್ರತಧಾರಿ, ಬರಲಾರೆ' ಎನ್ನಲು ಸಾಮಾನ್ಯ ಗೃಹಸ್ಥನಿಗೆ ಈ ನಿಯಮವು ಒಂದು ಆಧಾರವಾಯಿತು.

ಆದರೆ ವ್ರತಗಳು ಕಾಲಕ್ರಮದಲ್ಲಿ ಸಡಿಲವಾಗುವ ರೀತಿ ಎಲ್ಲೆಡೆಯೂ ಒಂದೇ. 1289ರಲ್ಲಿ ಪೋಪ್ ನಾಲ್ಕನೆಯ ನಿಕೋಲಸ್ ಅನುಮೋದಿಸಿದ ನಿಯಮಾವಳಿಯಲ್ಲಿ ಆಯುಧನಿಷೇಧಕ್ಕೆ ವಿನಾಯಿತಿಗಳು ಸೇರಿದವು. ಧರ್ಮಸಭೆಯ, ಮತದ ಹಾಗೂ ಸ್ವದೇಶದ ರಕ್ಷಣೆಗಾಗಿ ಆಯುಧ ಹಿಡಿಯಬಹುದೆಂದಾಯಿತು. 1883ರಲ್ಲಿ ಪೋಪ್ ಹದಿಮೂರನೆಯ ಲಿಯೋ ಆಧುನಿಕ ಜನರಿಗೆ ಅನುಕೂಲವಾಗಲೆಂದು ನಿಯಮಗಳನ್ನು ಸರಳಗೊಳಿಸಿದಾಗ ಆ ಹಳೆಯ ನಿಷೇಧಕ್ಕೆ ಅದರಲ್ಲಿ ಸ್ಥಾನವೇ ಉಳಿಯಲಿಲ್ಲ. ದಿನನಿತ್ಯದ ಪ್ರಾರ್ಥನೆ, ಉಡುಪಿನಲ್ಲಿ ಸರಳತೆ, ಊಟದಲ್ಲಿ ಮಿತಿ, ಬಟ್ಟೆಯೊಳಗೆ ಧರಿಸುವ ಒಂದು ದಾರ ಇಂಥವು ಉಳಿದವು. ನಮ್ಮ ಕಥಾನಾಯಕನು ಸಂಘಕ್ಕೆ ಸೇರಿದ್ದು ಈ ಸರಳಗೊಂಡ ನಿಯಮಾವಳಿ ಜಾರಿಯಲ್ಲಿದ್ದ ಕಾಲದಲ್ಲಿ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಒಬ್ಬ ರೈತನ ಬಾಳು

ಫ್ರಾಂಜ್ ಹುಟ್ಟಿದ್ದು 1907ರ ಮೇ 20ರಂದು, ಜರ್ಮನಿಯ ಗಡಿಗೆ ಹತ್ತಿರದ ಸಾಂಕ್ಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿಯಲ್ಲಿ. ಬಡತನದಿಂದಾಗಿ ತಂದೆತಾಯಿಗಳಿಗೆ ಮದುವೆಯಾಗುವುದೂ ಸಾಧ್ಯವಾಗಿರಲಿಲ್ಲ. ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದ. ಮಗುವನ್ನು ಸಾಕಿದವಳು ಅಜ್ಜಿ. 1917ರಲ್ಲಿ ತಾಯಿಯನ್ನು ವರಿಸಿದ ರೈತನು ಹುಡುಗನಿಗೆ ತನ್ನ ಮನೆತನದ ಹೆಸರನ್ನೂ ಮುಂದೆ ತನ್ನ ಹೊಲವನ್ನೂ ಕೊಟ್ಟ. ಯೌವನದಲ್ಲಿ ಫ್ರಾಂಜ್ ಸಾಧುವೇನೂ ಆಗಿರಲಿಲ್ಲ. ಕೆಲವು ವರ್ಷ ಕಬ್ಬಿಣದ ಗಣಿಯಲ್ಲಿ ದುಡಿದ, ಊರಿಗೆಲ್ಲ ಮೊದಲ ಮೋಟಾರ್ ಸೈಕಲ್ ತಂದ, ಜಗಳಗಳಲ್ಲಿ ಕೈ ಮಾಡಿದ. 1933ರಲ್ಲಿ ವಿವಾಹಬಾಹ್ಯವಾಗಿ ಒಂದು ಹೆಣ್ಣುಮಗುವಿನ ತಂದೆಯೂ ಆದ. ಈ ಸಂಗತಿಗಳನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಪಶ್ಚಾತ್ತಾಪಿಗಳ ಸಂಘವೆಂದು ಹೆಸರು ಪಡೆದ ಪರಂಪರೆಗೆ ಬರುವವನು ಪಶ್ಚಾತ್ತಾಪಪಡಲು ಏನಾದರೂ ಇದ್ದವನೇ ಆಗಿರುತ್ತಾನೆ.

1936ರಲ್ಲಿ ಫ್ರಾಂಜಿಸ್ಕಾ ಎಂಬ ಕನ್ಯೆಯೊಡನೆ ವಿವಾಹವಾಯಿತು. ಮದುವೆಯ ಬೆನ್ನಿಗೆ ದಂಪತಿಗಳು ರೋಮ್‌ಗೆ ತೀರ್ಥಯಾತ್ರೆ ಹೋಗಿಬಂದರು. ಆಕೆಯ ಸಾಹಚರ್ಯದಲ್ಲಿ ಫ್ರಾಂಜ್‌ನ ಧರ್ಮಶ್ರದ್ಧೆ ಆಳವಾಯಿತು. ಹೊಲದ ಕೆಲಸದ ನಡುವೆ ಪ್ರಾರ್ಥನೆ, ರಾತ್ರಿ ಧರ್ಮಗ್ರಂಥದ ವಾಚನ, ತಮ್ಮ ಊಟದಲ್ಲಿಯೇ ಉಳಿಸಿ ಬಡವರಿಗೆ ಕೊಡುವುದು, ಇವು ಆ ಮನೆಯ ರೂಢಿಗಳಾದವು. ಮೂವರು ಹೆಣ್ಣುಮಕ್ಕಳು ಹುಟ್ಟಿದರು.

1938ರ ಜನವರಿಯಲ್ಲಿ ಆತನಿಗೆ ಒಂದು ಕನಸು ಬಿತ್ತು. ಬೆಟ್ಟದ ಸುತ್ತ ಸುಂದರವಾದ ರೈಲೊಂದು ಬರುತ್ತಿದೆ, ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಅದನ್ನು ಹತ್ತಲು ಓಡುತ್ತಿದ್ದಾರೆ. ಅಷ್ಟರಲ್ಲಿ ಅದು ನರಕಕ್ಕೆ ಹೋಗುವ ರೈಲೆಂದು ಒಂದು ಧ್ವನಿ ಕೇಳಿಸಿತು. ಆ ರೈಲೆಂದರೆ ನಾಜಿ ಪಕ್ಷವೇ ಎಂದು ಆತ ಅರ್ಥಮಾಡಿಕೊಂಡ. ಕೆಲವೇ ವಾರಗಳಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ಪ್ರವೇಶಿಸಿತು. ಏಪ್ರಿಲ್ 10ರಂದು ನಡೆದ ಜನಮತಗಣನೆಯಲ್ಲಿ ಆ ಹಳ್ಳಿಯಿಂದ ವಿರುದ್ಧವಾಗಿ ಮತ ಹಾಕಿದವನು ಆತನೊಬ್ಬನೇ. ಹಳ್ಳಿಯ ಅಧಿಕಾರಿಗಳು ಅದನ್ನೂ ಮರೆಮಾಚಿ ಸರ್ವಾನುಮತವೆಂದೇ ವರದಿ ಕಳುಹಿಸಿದರು. ಮುಂದೆ ಸರ್ಕಾರ ಕೊಡುತ್ತಿದ್ದ ಮಕ್ಕಳ ಸಹಾಯಧನವನ್ನಾಗಲಿ, ಆಲಿಕಲ್ಲು ಮಳೆಯಿಂದ ಬೆಳೆ ಹಾಳಾದಾಗ ಬಂದ ಪರಿಹಾರವನ್ನಾಗಲಿ ಆತ ಸ್ವೀಕರಿಸಲಿಲ್ಲ. ಯಾರ ಕಾರ್ಯದಲ್ಲಿ ತಾನು ಭಾಗಿಯಾಗಲಾರನೋ ಅವರ ದ್ರವ್ಯದಲ್ಲಿಯೂ ಭಾಗ ಬೇಡವೆಂಬುದು ಆತನ ನಿಲುವು. ಪರಿಗ್ರಹವನ್ನು ಮೊತ್ತದಿಂದ ಅಳೆಯುವುದಷ್ಟೇ ಸಾಲದು, ಅದು ಬರುವ ದಾರಿಯಿಂದಲೂ ಅಳೆಯಬೇಕೆಂಬ ವಿವೇಕ ಈ ಓದುಬರಹ ಕಡಿಮೆಯ ರೈತನಲ್ಲಿತ್ತು.

ಸಮವಸ್ತ್ರದೊಳಗಿನ ದೀಕ್ಷೆ

1940ರ ಜೂನಿನಲ್ಲಿ ಸೇನೆಯಿಂದ ಮೊದಲ ಕರೆ ಬಂದಾಗ ಆತ ಹೋದ, ಸೈನಿಕನ ಪ್ರಮಾಣವನ್ನೂ ಸ್ವೀಕರಿಸಿದ. ಕೃಷಿಗೆ ಬೇಕಾದವನೆಂದು ಕೆಲವೇ ದಿನಗಳಲ್ಲಿ ಬಿಟ್ಟರು. ಅಕ್ಟೋಬರಿನಲ್ಲಿ ಮತ್ತೆ ಕರೆದು ಚಾಲಕನ ತರಬೇತಿಗೆ ಹಚ್ಚಿದರು. ಎನ್ಸ್ ಎಂಬ ಪಟ್ಟಣದ ಸೇನಾಶಿಬಿರದಲ್ಲಿದ್ದಾಗ, 1940ರ ಡಿಸೆಂಬರ್ 8ರಂದು, ಜೊತೆಯ ಸೈನಿಕನೊಬ್ಬನೊಂದಿಗೆ ಆತ ಫ್ರಾನ್ಸಿಸ್ಕನ್ನರ ಮೂರನೆಯ ಸಭೆಗೆ ಸೇರಿದ. ಮೈಮೇಲೆ ಹಿಟ್ಲರನ ಸೇನೆಯ ಸಮವಸ್ತ್ರ, ಮನಸ್ಸಿನಲ್ಲಿ ಅಸ್ಸಿಸಿಯ ಬಡವನ ವ್ರತ! ಎರಡರಲ್ಲಿ ಒಂದು ಇನ್ನೊಂದನ್ನು ಕಳಚಿಸಲೇಬೇಕಾಗಿತ್ತು.

ಕಳಚಿಸುವ ಕೆಲಸ ನಿಧಾನವಾಗಿ ನಡೆಯಿತು. ಸೇನೆಯಲ್ಲಿದ್ದಾಗಲೇ ಮಾನಸಿಕ ರೋಗಿಗಳನ್ನು ಸರ್ಕಾರವೇ ಕೊಲ್ಲಿಸುತ್ತಿದೆಯೆಂಬ ಸುದ್ದಿ ಆತನ ಕಿವಿಗೆ ಬಿತ್ತು. 1941ರ ಏಪ್ರಿಲಿನಲ್ಲಿ ಊರಿಗೆ ಮರಳಿದ ಮೇಲೆ ಚರ್ಚಿನ ಬಾಗಿಲು ತೆರೆದು, ಗಂಟೆ ಬಾರಿಸಿ, ಪೂಜೆಗೆ ಅಣಿಮಾಡುವ ಸೇವೆಯನ್ನು ವಹಿಸಿಕೊಂಡ. ಆ ದಿನಗಳಲ್ಲಿ ತನ್ನ ಸಂದೇಹಗಳನ್ನೆಲ್ಲ ಪುಸ್ತಕಗಳಲ್ಲಿ ಬರೆದಿಡತೊಡಗಿದ. ರಷ್ಯಾದ ಮೇಲಿನ ಯುದ್ಧವು ನಾಸ್ತಿಕವಾದದ ವಿರುದ್ಧದ ಧರ್ಮರಕ್ಷಣೆಯೆಂದು ಪ್ರಚಾರ ನಡೆದಿತ್ತು. ಹಾಗಿದ್ದರೆ ಖನಿಜ, ಎಣ್ಣೆಬಾವಿ, ಒಳ್ಳೆಯ ಉಳುಮೆಯ ಭೂಮಿ ಇವುಗಳ ಮಾತು ಏಕೆ ಬರುತ್ತದೆ ಎಂಬುದು ಆತನ ಪ್ರಶ್ನೆಯಾಗಿತ್ತು. ಮುಂದಿನ ಸಲ ಕರೆ ಬಂದರೆ ಆಯುಧ ಹಿಡಿಯಲಾರೆನೆಂಬ ನಿರ್ಣಯ ಗಟ್ಟಿಯಾಯಿತು.

ಆತ ದುಡುಕಿದವನಲ್ಲ. ಊರಿನ ಪಾದ್ರಿಯನ್ನು ಕೇಳಿದ. ಲಿಂಜ್ ನಗರಕ್ಕೆ ಹೋಗಿ ಬಿಷಪ್ಪರನ್ನೇ ಕಂಡ. ಸಂಸಾರವಂದಿಗನಾದ ನಿನಗೆ ಮೊದಲ ಹೊಣೆ ಕುಟುಂಬದ್ದು, ಸರ್ಕಾರದ ಕೃತ್ಯಗಳ ಹೊಣೆ ನಿನ್ನದಲ್ಲ ಎಂಬ ಅರ್ಥದ ಉಪದೇಶವೇ ದೊರೆಯಿತು. ಬಂಧುಗಳೂ ನೆರೆಯವರೂ ಅದನ್ನೇ ಹೇಳಿದರು. ಪತ್ನಿಯೂ ಮೊದಮೊದಲು ಆತನ ಮನಸ್ಸನ್ನು ತಿರುಗಿಸಲು ಯತ್ನಿಸಿದಳು. ಆದರೆ ಎಲ್ಲರೂ ಒಂದಾಗಿ ತನ್ನ ಗಂಡನೊಡನೆ ವಾದಿಸುತ್ತಿರುವುದನ್ನು ಕಂಡು, ತಾನೂ ಕೈಬಿಟ್ಟರೆ ಆತನಿಗೆ ಯಾರೂ ಇಲ್ಲವೆಂದು ತಿಳಿದು, ಆತನ ಪಕ್ಕದಲ್ಲಿ ನಿಂತಳು.

1943ರ ಫೆಬ್ರವರಿಯಲ್ಲಿ ಕರೆ ಬಂತು. ಮಾರ್ಚ್ 1ರಂದು ಎನ್ಸ್ ಶಿಬಿರಕ್ಕೆ ಹೋಗಿ, ಮರುದಿನ ತಾನು ಯುದ್ಧ ಮಾಡುವುದಿಲ್ಲವೆಂದು ತಿಳಿಸಿದ. ಗಾಯಾಳುಗಳ ಶುಶ್ರೂಷೆ ಮಾಡಲು ಸಿದ್ಧನೆಂದ, ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಲಿಂಜ್‌ನ ಸೆರೆಮನೆ, ಅಲ್ಲಿಂದ ಮೇ ತಿಂಗಳಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆ. ಜುಲೈ 6ರಂದು ಸೈನ್ಯಬಲವನ್ನು ಕುಂದಿಸಿದ ಅಪರಾಧಕ್ಕಾಗಿ ಮರಣದಂಡನೆ. ಅದೇ ತಿಂಗಳು ಫ್ರಾಂಜಿಸ್ಕಾ ಪಾದ್ರಿಯೊಡನೆ ಬರ್ಲಿನ್ನಿಗೆ ಹೋಗಿ ಕೊನೆಯ ಬಾರಿ ಗಂಡನನ್ನು ನೋಡಿದಳು. ಹಿಂದಿನ ವರ್ಷ ಫ್ರಾಂಜ್ ರೈನಿಶ್ ಎಂಬ ಯಾಜಕರು ಇದೇ ಕಾರಣಕ್ಕೆ ಪ್ರಾಣ ಕೊಟ್ಟಿದ್ದಾರೆಂದು ಸೆರೆಮನೆಯ ಪಾದ್ರಿಯಿಂದ ತಿಳಿದಾಗ ಆತನಿಗೆ ದೊಡ್ಡ ಸಮಾಧಾನವಾಯಿತು. ಕಡೆಯ ಗಳಿಗೆಯಲ್ಲಿಯೂ ಸಹಿ ಮಾಡಿದರೆ ಜೀವ ಉಳಿಸಬಲ್ಲ ಕಾಗದ ಮುಂದಿತ್ತು. ಆತ ಅದನ್ನು ಪಕ್ಕಕ್ಕೆ ಸರಿಸಿದ. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್‌ನಲ್ಲಿ ಶಿರಚ್ಛೇದವಾಯಿತು. ಆಗ ಆತನಿಗೆ 36 ವರ್ಷ. ಹಿರಿಯ ಮಗಳಿಗೆ ಇನ್ನೂ ಆರು ತುಂಬಿರಲಿಲ್ಲ.

ಮೂರು ಆಕ್ಷೇಪಗಳು

ಈ ಬದುಕನ್ನು ಹೊಗಳಿ ಮುಗಿಸುವುದು ಸುಲಭ. ಆದರೆ ಅದಕ್ಕೆ ಒಡ್ಡಬಹುದಾದ ಆಕ್ಷೇಪಗಳನ್ನು ಎದುರಿಸದೆ ಹೊಗಳಿದರೆ ಅದು ವಿಚಾರವೆನಿಸದು.

ಮೊದಲನೆಯದು, ಗೃಹಸ್ಥನಿಗೆ ಯುದ್ಧನಿಷೇಧವೇ ಇಲ್ಲವಲ್ಲ ಎಂಬುದು. ನಮ್ಮ ಶ್ರಾವಕಾಚಾರದ ವಿವೇಚನೆಯಲ್ಲಿಯೂ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ತಿಯಾಗಿ ಬಿಡಬೇಕು, ಆತ್ಮರಕ್ಷಣೆ ದೇಶರಕ್ಷಣೆಗಳಲ್ಲಿ ಆಗುವ ವಿರೋಧೀ ಹಿಂಸೆಯು ಅವನಿಗೆ ಅನಿವಾರ್ಯವಾಗಬಹುದು ಎನ್ನುತ್ತೇವೆ. ಫ್ರಾಂಜ್ ಕೂಡ ಎಲ್ಲ ಯುದ್ಧಗಳನ್ನೂ ತಿರಸ್ಕರಿಸಿದವನಲ್ಲ. ಈ ಯುದ್ಧ ಅನ್ಯಾಯದ್ದು ಎಂದಷ್ಟೇ ಆತ ಹೇಳಿದ್ದು. ಮರ್ಮವಿರುವುದು ಇಲ್ಲಿಯೇ. ಯಾವ ಆಕ್ರಮಣಕಾರನೂ ತನ್ನ ಹಿಂಸೆಯನ್ನು ಸಂಕಲ್ಪೀ ಎಂದು ಕರೆದುಕೊಳ್ಳುವುದಿಲ್ಲ, ರಕ್ಷಣೆಯೆಂದೇ ಕರೆಯುತ್ತಾನೆ. ಹಾಗಾದರೆ ವಿಂಗಡಣೆಯನ್ನು ಮಾಡಬೇಕಾದವರು ಯಾರು? ಆಜ್ಞೆ ಕೊಡುವವನೇ ಮಾಡಲಿ ಎಂದು ಬಿಟ್ಟುಕೊಟ್ಟರೆ ವ್ರತವು ನಮ್ಮದಾಗಿ ಉಳಿಯುವುದಿಲ್ಲ. ವ್ರತವನ್ನು ಹೊತ್ತವನೇ ಹಿಂಸೆಯ ಹೆಸರನ್ನೂ ವಿವೇಚಿಸಬೇಕು. 1289ರಲ್ಲಿ ವಿನಾಯಿತಿಗಳಿಂದ ಸಡಿಲಗೊಂಡು, 1883ರ ಹೊತ್ತಿಗೆ ಮರೆತೇಹೋದ ನಿಷೇಧವನ್ನು, ಪುಸ್ತಕದಲ್ಲಿ ಇಲ್ಲದಿದ್ದಾಗ, ಒಬ್ಬ ರೈತ ತನ್ನ ಆತ್ಮಸಾಕ್ಷಿಯಿಂದಲೇ ಮತ್ತೆ ಕಂಡುಕೊಂಡ.

ಎರಡನೆಯದು, ಗುರುಹಿರಿಯರ ಮಾತನ್ನು ಮೀರಿದನಲ್ಲ ಎಂಬುದು. ಇದು ಗಂಭೀರವಾದ ಆಕ್ಷೇಪ. ಗುರುವಿನ ಮಾತಿಗಿಂತ ತನ್ನ ಬುದ್ಧಿಯೇ ಹೆಚ್ಚೆನ್ನುವುದು ಬಹುಪಾಲು ಸಲ ಮಾನಕಷಾಯವೇ ಆಗಿರುತ್ತದೆ. ಆದರೆ ಆತನ ನಡತೆಯನ್ನು ಗಮನಿಸಬೇಕು. ಆತ ಗುರುಗಳನ್ನು ಹುಡುಕಿಕೊಂಡು ಹೋಗಿ ಕೇಳಿದ, ನಿಂದಿಸಲಿಲ್ಲ. ಬೇರೆಯವರು ತನ್ನಂತೆಯೇ ಮಾಡಲೆಂದು ಒತ್ತಾಯಿಸಲಿಲ್ಲ, ಯುದ್ಧಕ್ಕೆ ಹೋದ ನೆರೆಯವರನ್ನು ಕೀಳಾಗಿ ಕಾಣಲಿಲ್ಲ. ತನ್ನ ವ್ರತವನ್ನು ಇನ್ನೊಬ್ಬರ ತಲೆಯ ಮೇಲೆ ಎತ್ತಿ ಹಿಡಿಯುವ ಕೋಲಾಗಿಸದೆ ಇರುವುದು ಅಹಂಕಾರವಿಲ್ಲದ್ದರ ಗುರುತು. ಗುರುವಿನ ಉಪದೇಶ ನಮ್ಮ ಕಣ್ಣು ತೆರೆಸಬೇಕು. ನಮ್ಮ ಪರವಾಗಿ ಕರ್ಮದ ಹೊಣೆ ಹೊರಲು ಅದರಿಂದ ಆಗದು.

ಮೂರನೆಯದೇ ಎಲ್ಲಕ್ಕಿಂತ ಕಠಿನವಾದದ್ದು. ಹೆಂಡತಿಯನ್ನೂ ಮೂವರು ಕಂದಮ್ಮಗಳನ್ನೂ ಬಿಟ್ಟು ಸಾಯುವುದು ಗೃಹಸ್ಥಧರ್ಮವೆ? ಆತನ ಸಾವಿನಿಂದ ಯುದ್ಧವೇನೂ ಒಂದು ದಿನ ಮೊದಲೇ ನಿಲ್ಲಲಿಲ್ಲ. ಬೆಲೆಯನ್ನು ತೆತ್ತವಳು ಫ್ರಾಂಜಿಸ್ಕಾ. ಗಂಡನನ್ನು ಸಾವಿಗೆ ಕಳುಹಿಸಿದವಳೆಂಬ ಅಪವಾದ ಊರಿನಲ್ಲಿ ಆಕೆಯ ಬೆನ್ನು ಹತ್ತಿತು. ಯುದ್ಧವಿಧವೆಯರಿಗೆ ಸಿಗುತ್ತಿದ್ದ ಪಿಂಚಣಿಯೂ 1950ರವರೆಗೆ ಆಕೆಗೆ ಸಿಗಲಿಲ್ಲ. ಹೊಲವನ್ನು ಆಕೆಯೇ ಉತ್ತಳು, ಚರ್ಚಿನ ಸೇವೆಯನ್ನೂ ಆಕೆಯೇ ಮುಂದುವರಿಸಿದಳು.

ಈ ಆಕ್ಷೇಪಕ್ಕೆ ನುಣುಪಾದ ಉತ್ತರ ಇಲ್ಲ, ಕೊಡಲೂಬಾರದು. ಆದರೆ ಎರಡು ಮಾತುಗಳನ್ನು ಹೇಳಬಹುದು. ಕುಟುಂಬಪಾಲನೆ ಗೃಹಸ್ಥನ ಪರಮಕರ್ತವ್ಯವೆಂಬುದು ನಿಜ. ಆದರೆ 'ಮಕ್ಕಳಿಗಾಗಿ' ಎಂಬ ಒಂದು ಮಾತು ಎಷ್ಟು ಪಾಪಗಳಿಗೆ ರಹದಾರಿಯಾಗಿದೆ ಎಂಬುದನ್ನು ನಾವೆಲ್ಲ ಬಲ್ಲೆವು. ಸುಳ್ಳು ಲೆಕ್ಕ ಬರೆಯುವುದು ಮಕ್ಕಳಿಗಾಗಿ, ಲಂಚ ಕೊಡುವುದು ಮಕ್ಕಳಿಗಾಗಿ, ಸೋದರನ ಪಾಲನ್ನು ಒಳಗೆ ಹಾಕುವುದು ಮಕ್ಕಳಿಗಾಗಿ. ಹೆಂಡತಿ ಮಕ್ಕಳಿದ್ದಾರೆಂಬ ಕಾರಣಕ್ಕೆ ಅಧರ್ಮವು ಧರ್ಮವಾಗಿಬಿಡುವುದೆಂದು ನಂಬಲು ಆತ ಸಿದ್ಧನಿರಲಿಲ್ಲ. ನನ್ನ ಮಕ್ಕಳನ್ನು ಉಳಿಸಲು ಇನ್ನೊಬ್ಬರ ಮಕ್ಕಳನ್ನು ಅನ್ಯಾಯವಾಗಿ ಕೊಲ್ಲಬಹುದೆಂದಾದರೆ, ಆ ಸಂಸಾರಪ್ರೇಮದಲ್ಲಿ ಧರ್ಮವೆಷ್ಟು, ಮೋಹವೆಷ್ಟು?

ಎರಡನೆಯ ಮಾತು ಫ್ರಾಂಜಿಸ್ಕಾಳದು. ನಮ್ಮಲ್ಲಿ ದೀಕ್ಷೆಗೆ ಹೊರಟವನು ಬಂಧುವರ್ಗದ ಅನುಮತಿ ಕೇಳುತ್ತಾನೆ. ಅದು ಬರಿಯ ಶಿಷ್ಟಾಚಾರವಲ್ಲ. ಒಬ್ಬನ ತ್ಯಾಗದ ಭಾರವನ್ನು ಮನೆಯವರೆಲ್ಲ ಹೊರಬೇಕಾಗುವುದೆಂಬ ಸತ್ಯದ ಅಂಗೀಕಾರ ಅದು. ಆಕೆ ಅತ್ತಳು, ವಾದಿಸಿದಳು, ಕೊನೆಗೆ ತಾನೂ ಆ ಭಾರಕ್ಕೆ ಹೆಗಲು ಕೊಟ್ಟಳು. ಹಾಗೆ ನೋಡಿದರೆ ಒಂದು ಮಧ್ಯಾಹ್ನದಲ್ಲಿ ಮುಗಿದುಹೋದ ಆತನ ವ್ರತಕ್ಕಿಂತ ಎಪ್ಪತ್ತು ವರ್ಷ ನಡೆದ ಆಕೆಯ ವ್ರತ ಕಿರಿದೇನಲ್ಲ. ಗೃಹಸ್ಥನ ವ್ರತವು ಎಂದೂ ಒಬ್ಬನದಾಗಿರುವುದಿಲ್ಲ ಎಂಬುದೇ ಗೃಹಸ್ಥಾಶ್ರಮದ ಕಷ್ಟ, ಅದೇ ಅದರ ಸೌಂದರ್ಯ.

ಸಾಮ್ಯ ಮತ್ತು ಭೇದ

ಇಷ್ಟು ಹೇಳಿದ ಮೇಲೆ ಭೇದಗಳನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಫ್ರಾಂಜ್ ಸೃಷ್ಟಿಕರ್ತನಾದ ದೇವರ ಕೃಪೆಯನ್ನು ನಂಬಿದವನು. ನಾವು ಸ್ವಕರ್ಮವನ್ನೂ ಸ್ವಪುರುಷಾರ್ಥವನ್ನೂ ಮುಂದಿಡುವವರು. ಆತನ ಅಹಿಂಸೆಯ ಚಿಂತನೆ ಮನುಷ್ಯನ ಸುತ್ತಲೇ ಇತ್ತು, ಏಕೇಂದ್ರಿಯ ಜೀವಿಗಳವರೆಗೆ ಹರಿಯುವ ದಯೆಯ ವಿಚಾರ ಆ ಪರಂಪರೆಯಲ್ಲಿ ಬೆಳೆದಿಲ್ಲ. ಆದರೆ ವ್ರತವೆಂದರೆ ಕೇಳಿದಾಗ ತೆರಲೇಬೇಕಾದ ಸಾಲ ಎಂಬ ಅರಿವಿನಲ್ಲಿ ಆ ರೈತನಿಗೂ ನಮ್ಮ ಶ್ರಾವಕೋತ್ತಮರಿಗೂ ದೂರವಿಲ್ಲ.

ಆತನ ಚಿತಾಭಸ್ಮವನ್ನು 1946ರಲ್ಲಿ ಹುಟ್ಟೂರಿಗೆ ತಂದು ಹೂಳಿದರು. ಗಾರ್ಡನ್ ಜಾನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1964ರಲ್ಲಿ ಆತನ ಕುರಿತು ಪುಸ್ತಕ ಪ್ರಕಟಿಸುವವರೆಗೆ ಹೊರಜಗತ್ತು ಆತನನ್ನು ಅರಿತಿರಲಿಲ್ಲವೆಂದೇ ಹೇಳಬೇಕು. 1978ರಲ್ಲಿ ಪೋಪ್ ಆರನೆಯ ಪೌಲ್ ಗೃಹಸ್ಥ ಫ್ರಾನ್ಸಿಸ್ಕನ್ನರಿಗೆ ಹೊಸ ನಿಯಮಾವಳಿ ಕೊಟ್ಟರು. ಅದರಲ್ಲಿ ಶಾಂತಿಯನ್ನು ಕಟ್ಟುವುದೂ ಬೇಕುಗಳನ್ನು ಕಡಿಮೆ ಮಾಡಿಕೊಳ್ಳುವುದೂ ಮತ್ತೆ ಮುಖ್ಯವಾದವು. 1997ರಲ್ಲಿ ಬರ್ಲಿನ್ನಿನ ನ್ಯಾಯಾಲಯ ಆ ಹಳೆಯ ಮರಣದಂಡನೆಯ ತೀರ್ಪನ್ನು ರದ್ದುಗೊಳಿಸಿತು. 2007ರ ಅಕ್ಟೋಬರ್ 26ರಂದು, ಒಂದು ಕಾಲಕ್ಕೆ ಬಿಷಪ್ಪರು ಆತನನ್ನು ಮನೆಗೆ ಮರಳಲು ಹೇಳಿದ ಅದೇ ಲಿಂಜ್ ನಗರದಲ್ಲಿ, ಧರ್ಮಸಭೆಯು ಆತನನ್ನು ಧನ್ಯನೆಂದು ಘೋಷಿಸಿತು. 94 ವರ್ಷದ ಫ್ರಾಂಜಿಸ್ಕಾ ಮಕ್ಕಳೊಡನೆ ಆ ಸಮಾರಂಭದಲ್ಲಿದ್ದಳು. ನೂರು ತುಂಬಿದ ಮೇಲೆ, 2013ರ ಮಾರ್ಚಿನಲ್ಲಿ, ಆಕೆ ಕಣ್ಣು ಮುಚ್ಚಿದಳು.

ನಮ್ಮಿಂದ ಅಂಥ ಬೆಲೆಯನ್ನು ಯಾರೂ ಕೇಳುತ್ತಿಲ್ಲ. ಕೇಳುವುದು ಅದಕ್ಕಿಂತ ಬಹಳ ಕಡಿಮೆ. ಪರಿಗ್ರಹಕ್ಕೆ ಹಾಕಿಕೊಂಡ ಮಿತಿಯನ್ನು ಆಸ್ತಿಯ ಬೆಲೆ ಏರಿದಂತೆಲ್ಲ ಏರಿಸದಿರುವುದು, ಬಸದಿಗೆ ಬರುವ ದಾನವು ಯಾವ ದಾರಿಯಿಂದ ಬಂತೆಂದು ಟ್ರಸ್ಟಿನವರು ಒಮ್ಮೆಯಾದರೂ ಕೇಳುವುದು, ಬಿಟ್ಟುಹೋದ ಒಂದು ವೈರವನ್ನು ಪರ್ಯುಷಣ ಕಳೆಯುವ ಮೊದಲು ಕ್ಷಮೆಯಿಂದ ಮುಗಿಸುವುದು. ಆ ನಿಯಮಾವಳಿಯಲ್ಲಿ ನಿಷೇಧವು ಹೇಗೆ ಅಳಿಯಿತೋ ಹಾಗೆಯೇ ನಮ್ಮ ವ್ರತಗಳೂ ಒಂದೊಂದು ವಿನಾಯಿತಿಯಿಂದ ಸವೆಯುತ್ತವೆ. ಮತ್ತೆ ಅವುಗಳಿಗೆ ಜೀವ ಬರುವುದು ಯಾವುದೋ ಒಂದು ಮನೆಯಲ್ಲಿ ಯಾರೋ ಒಬ್ಬರು 'ಇದು ನನ್ನಿಂದಾಗದು' ಎಂಬ ಹಳೆಯ ಮಾತಿನ ಅರ್ಥವನ್ನೇ ಬದಲಿಸಿ ಹೇಳಿದಾಗ. ಸಂಸಾರಿಯಾದ ನನ್ನಿಂದ ವ್ರತಪಾಲನೆ ಆಗದು ಎಂದು ನಾವು ಹೇಳುತ್ತೇವೆ. ವ್ರತಧಾರಿಯಾದ ನನ್ನಿಂದ ಅಧರ್ಮ ಆಗದು ಎಂದು ಆತ ಹೇಳಿದ. ಮಾತು ಒಂದೇ. ಯಾವ ಕಡೆ ನಿಂತು ಹೇಳುತ್ತೇವೆ ಎಂಬುದಷ್ಟೇ ಭೇದ.